ಕೂಗು ಮರೆತ ಕಾರು

ನಮ್ಮ ಕಾರಿನ ಬಾಯಿ ಬಿದ್ದುಹೋದದ್ದು ಕಳೆದ ಮೇ ತಿಂಗಳ ಒಂದು ಶುಕ್ರವಾರ ಸಂಜೆ. ಅದಕ್ಕೂ ಮೊದಲು ಅದು ಬಲು ಬಾಯಿಬಡುಕ ಕಾರು. ರಿಮೋಟಿನ ಗುಂಡಿ ಒತ್ತಿದರೆ 'ಕುಂಯ್' ಎಂದು ಉತ್ತರ ಕೊಡುತ್ತಿತ್ತು. ರಾತ್ರಿ ಬೆಕ್ಕೊಂದು ಬಾನೆಟ್ಟಿನ ಮೇಲೆ ಹಾರಿದರೂ ಸಾಕು, ಜೇವರ್ಗಿಯ ನಮ್ಮ ಓಣಿಯ ಅಷ್ಟೂ ಮನೆಗಳ ದೀಪ ಹತ್ತುವಂತೆ ಅರಚುತ್ತಿತ್ತು. ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಸಣ್ಣ ಕಾರು ಅದು. ಅಲಾರಂ ಕಾರಿನ ಜೊತೆಗೇ ಹುಟ್ಟಿ ಬಂದದ್ದಲ್ಲ, ಮೊದಲಿನ ಮಾಲೀಕರು ಹೊರಗಿನಿಂದ ಕೂಡಿಸಿದ್ದು. ಈ ಮಾತು ಮುಂದೆ ಬೇಕಾಗುತ್ತದೆ, ಆದ್ದರಿಂದ ಈಗಲೇ ಹೇಳಿಬಿಟ್ಟೆ.

ಇಷ್ಟು ಸಣ್ಣ ಕಾರಿಗೆ ಅಲಾರಂ ಯಾಕೆ ಎಂದು ನೀವು ಕೇಳಬಹುದು. ನಮ್ಮ ಅವ್ವ ಅಫಜಲಪುರ ತಾಲ್ಲೂಕಿನ ಊರಲ್ಲೇ ಇದ್ದಾಳೆ. ಹುಣ್ಣಿಮೆಗೆ ಆಗಾಗ ಆಕೆಯನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಬೇಕು. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಅಲ್ಲಿ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ಮುಂದೆ ನಮ್ಮ ಜೇವರ್ಗಿ ಸೀಮೆಗೂ ಬರುತ್ತದೆ. ಹುಣ್ಣಿಮೆಯ ದಿನ ಸಂಗಮದ ದಾರಿಯಲ್ಲಿ ಮಹಾರಾಷ್ಟ್ರದ ಗಾಡಿಗಳು, ನಮ್ಮ ಗಾಡಿಗಳು ಎಲ್ಲಾ ಸೇರಿ ಇರುವೆ ಸಾಲು. ಅವ್ವನ ಕೈ ಹಿಡಿದು ನೀರಿಗಿಳಿಸಿ, ಪಾದುಕೆ ದರ್ಶನ ಮಾಡಿಸಿ ಬರುವವರೆಗೆ ಕಾರಿನ ಚಿಂತೆ ಮಾಡದೆ ಇರಬೇಕಾದರೆ ಅದು ಒದರುವ ಕಾರಾಗಿರಬೇಕು. ಅಷ್ಟೇ.

ಏಪ್ರಿಲ್ ತಿಂಗಳಲ್ಲಿ ನನಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಬಂತು. ಅದರ ಬೆನ್ನಿಗೇ ಆಳಂದದಲ್ಲಿ ತಂಗಿಯ ಮನೆಯ ಮದುವೆ. ಎಲ್ಲ ಕಡೆಗೂ ಬಸ್ಸಿನಲ್ಲೇ ಓಡಾಡಿದೆ. ಕಾರು ಇಪ್ಪತ್ತೈದು ದಿನ ತಗಡಿನ ಶೆಡ್ಡಿನ ಕೆಳಗೆ ನಿಂತಿತು. ಬಂದು ಕೀಲಿ ತಿರುಗಿಸಿದರೆ 'ಟಿಕ್' ಎಂದಿತು, ಅಷ್ಟರಲ್ಲೇ ಮುಗಿಯಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಕಾರು ನಿಂತಿರುತ್ತದೆ, ಆದರೆ ಅಲಾರಂ ಮಲಗುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲಿನ ಕೆಂಪು ಚುಕ್ಕೆದೀಪ ಮಿನುಗುತ್ತಿರಬೇಕು, ರಿಮೋಟಿನ ಕರೆಗೆ ಕಿವಿ ತೆರೆದಿರಬೇಕು. ಇದಕ್ಕೆಲ್ಲ ಸುಮಾರು 20 ಮಿಲಿ ಆಂಪಿಯರ್ ಬೇಕೆಂದು ಹಿಡಿಯಿರಿ. ಅಂದರೆ 0.02 ಆಂಪಿಯರ್. ದಿನದ 24 ಗಂಟೆಗೆ 0.48 ಆಂಪಿಯರ್-ಗಂಟೆ. 25 ದಿನಕ್ಕೆ 12. ನಮ್ಮ ಬ್ಯಾಟರಿಯ ಹೊಟ್ಟೆ 35 ಆಂಪಿಯರ್-ಗಂಟೆಯದು. ಹೊಸದಾಗಿದ್ದರೆ ಮೂರರಲ್ಲಿ ಒಂದು ಪಾಲು ಖರ್ಚಾಗಿ ಇನ್ನೆರಡು ಪಾಲು ಉಳಿಯುತ್ತಿತ್ತು, ಕಾರು ಚಾಲೂ ಆಗುತ್ತಿತ್ತು. ಆದರೆ ಅದು ನಮ್ಮ ಬಿಸಿಲಲ್ಲಿ ಹಲವು ಬೇಸಿಗೆ ಕಂಡ ಬ್ಯಾಟರಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂದು ಪಾಠ ಮಾಡುತ್ತೇವಲ್ಲ, ಬ್ಯಾಟರಿಯೊಳಗಿನ ಸವೆತವೂ ಅದೇ ದಾರಿ ಹಿಡಿಯುತ್ತದೆ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ, ಅದೂ ತಗಡಿನ ಕೆಳಗೆ, ಬ್ಯಾಟರಿಗೆ ದೀರ್ಘಾಯುಷ್ಯ ಹಾರೈಸುವುದು ವ್ಯರ್ಥ.

ಹೊಸ ಬ್ಯಾಟರಿ ತರಲು ಸ್ನೇಹಿತರ ಮೋಟಾರ್ ಸೈಕಲ್ ಮೇಲೆ ಅಂಗಡಿಗೆ ಹೋದೆ. ಅಂಗಡಿಯವರು ಪರಿಚಿತರು. ಅವರ ಮಗ ನಮ್ಮ ಶಾಲೆಯ ಹುಡುಗ, ಒಂಬತ್ತು ಮುಗಿಸಿ ಹತ್ತಕ್ಕೆ ಕಾಲಿಡುತ್ತಿದ್ದವನು. ರಜೆಯಲ್ಲಿ ತಂದೆಯ ಜೊತೆ ಅಂಗಡಿಯಲ್ಲೇ ಇರುತ್ತಿದ್ದ. ನನ್ನನ್ನು ಕಂಡವನೇ ಕೈಯೊರೆಸಿಕೊಂಡು ಎದ್ದು ನಿಂತ.

"ಸರ, ಸಂಜಿಮುಂದ ನಾನೇ ಬಂದು ಕೂಡಿಸಿಕೊಡ್ತೀನ್ರಿ, ಅದಕ್ಕೇನು ರೊಕ್ಕ ಇಲ್ರಿ. ಹಳೇದು ಎಡಗಡಿದೋ ಬಲಗಡಿದೋ ನೋಡಬೇಕಾಗ್ತದ" ಎಂದರು ಅಂಗಡಿಯವರು.

ನಾನು ನಕ್ಕೆ. ಮೂವತ್ತು ವರ್ಷದಿಂದ ವಿದ್ಯುತ್ತಿನ ಪಾಠ ಮಾಡುವವನು ನಾನು. "ಒಂದು ಬ್ಯಾಟರಿ ಕೂಡಿಸೋದು ನನಗ ಬರೂದಿಲ್ಲೇನು? ಯಾವುದಾದ್ರೂ ಕೊಡ್ರಿ, ನಾ ಹಾಕ್ಕೋತೀನಿ" ಎಂದೆ. ಹುಡುಗನ ಮುಂದೆ ಹಾಗೆ ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತೆನ್ನುವುದನ್ನು ಮುಚ್ಚಿಡಲಾರೆ.

ಎಡ, ಬಲ ಎಂದರೆ ಏನು ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ. ಸಣ್ಣ ಕಾರುಗಳ ಬ್ಯಾಟರಿಯ ಮೇಲೆ 38ಬಿ20ಎಲ್, 38ಬಿ20ಆರ್ ಎಂಬಂಥ ಗುರುತು ಇರುತ್ತದೆ. ಜಪಾನಿನ ಪದ್ಧತಿಯ ಹೆಸರು ಅದು. ನಡುವಿನ 20 ಎಂದರೆ ಡಬ್ಬಿಯ ಉದ್ದ 20 ಸೆಂಟಿಮೀಟರಿನಷ್ಟು ಎಂದು. ಕೊನೆಯ ಎಲ್ ಅಥವಾ ಆರ್ ಅಕ್ಷರ ಪಾಸಿಟಿವ್ ಕಂಬ ಯಾವ ಮಗ್ಗುಲಿಗಿದೆ ಎಂದು ತಿಳಿಸುತ್ತದೆ. ಉಳಿದೆಲ್ಲ ಒಂದೇ: ಅದೇ ಡಬ್ಬಿ, ಅದೇ ತೂಕ, ಅದೇ ಶಕ್ತಿ. ಕನ್ನಡಿಯೊಳಗಿನ ಪ್ರತಿಬಿಂಬದ ಹಾಗೆ. ಪಾರ್ಶ್ವ ವಿಪರ್ಯಯ ಎಂದು ಬೆಳಕಿನ ಪಾಠದಲ್ಲಿ ಕಲಿಸುತ್ತೇವೆ. ಅದನ್ನು ಬ್ಯಾಟರಿಯಲ್ಲಿ ಕಾಣುವ ಬುದ್ಧಿ ನನಗೆ ಆ ಸಂಜೆ ಬರಲಿಲ್ಲ.

ಮನೆಗೆ ಬಂದು 10 ನಂಬರಿನ ಪಾನಾ ಹಿಡಿದು ಕೆಲಸ ಶುರು ಮಾಡಿದೆ. ಮಗಳು ಪಿಯುಸಿ ಮೊದಲ ವರ್ಷ ಮುಗಿಸಿ ರಜೆಯಲ್ಲಿದ್ದಳು. ಟಾರ್ಚ್ ಹಿಡಿದು ನಿಂತಳು. ಮೊದಲು ನೆಗೆಟಿವ್ ಬಿಚ್ಚಬೇಕು, ಆಮೇಲೆ ಪಾಸಿಟಿವ್. ಕೂಡಿಸುವಾಗ ಮೊದಲು ಪಾಸಿಟಿವ್, ಕಡೆಗೆ ನೆಗೆಟಿವ್. ಯಾಕೆಂದರೆ ಕಾರಿನ ಇಡೀ ಕಬ್ಬಿಣದ ಮೈ ನೆಗೆಟಿವ್‌ಗೆ ಸೇರಿರುತ್ತದೆ. ನೆಗೆಟಿವ್ ಕೂಡಿಕೊಂಡೇ ಇದ್ದಾಗ ಪಾಸಿಟಿವ್ ಬಿಚ್ಚುತ್ತಿರುವ ಪಾನಾ ಮೈಗೆ ತಗುಲಿದರೆ ಅದೇ ಶಾರ್ಟ್ ಸರ್ಕ್ಯೂಟ್. ಇದನ್ನು ಮಗಳಿಗೆ ವಿವರಿಸುತ್ತಲೇ ಹಳೆಯದನ್ನು ಬಿಚ್ಚಿದೆ. ಬಿಚ್ಚುವುದು ಸರಿಯಾಗಿಯೇ ಆಯಿತು.

ಹೊಸದನ್ನು ಇಟ್ಟೆ. ಕೇಬಲ್ಲುಗಳು ಎರಡೂ ಹಳೆಯ ಜಾಗಕ್ಕೇ ಬಾಗಿ ನಿಂತಿದ್ದವು. ಬೆಳಕು ಕಡಿಮೆ, ಮಾತು ಹೆಚ್ಚು. ಎಡಕ್ಕೆ ಇದ್ದದ್ದನ್ನು ಎಡಕ್ಕೆ, ಬಲಕ್ಕಿದ್ದದ್ದನ್ನು ಬಲಕ್ಕೆ ಇಳಿಸಿದೆ. ಮೊದಲು ಇಳಿಸಿದ್ದು, ಈಗ ನೆನೆದರೆ, ನೆಗೆಟಿವ್ ಕ್ಲ್ಯಾಂಪನ್ನೇ. ಈಗ ತಾನೇ ಹೇಳಿದ ಕ್ರಮವನ್ನು ನಾನೇ ಮುರಿದಿದ್ದೆ. ಅದು ಕಂಬದ ಮೇಲೆ ಇಳಿಯಲೊಲ್ಲದು. ಸ್ಕ್ರೂ ಡ್ರೈವರ್ ಹಾಕಿ ಬಾಯಿ ಅಗಲಿಸಿ ಕೂಡಿಸಿದೆ. ಬ್ಯಾಟರಿಯ ಪಾಸಿಟಿವ್ ಕಂಬ ನೆಗೆಟಿವ್ ಕಂಬಕ್ಕಿಂತ ಸ್ವಲ್ಪ ದಪ್ಪ ಇರುತ್ತದೆ. ಕತ್ತಲೆಯಲ್ಲೂ ಮನುಷ್ಯ ತಪ್ಪಬಾರದೆಂದೇ ಮಾಡಿಟ್ಟ ವ್ಯವಸ್ಥೆ ಅದು. ಬ್ಯಾಟರಿ ತನಗೆ ತಿಳಿದ ಭಾಷೆಯಲ್ಲಿ 'ಬೇಡ ಮಾಸ್ತರೇ' ಎಂದು ಹೇಳುತ್ತಿತ್ತು. ಮಾಸ್ತರು ಒತ್ತಿ ಕೂಡಿಸಿದರು.

ಇನ್ನೊಂದು ಕ್ಲ್ಯಾಂಪು ಕಂಬಕ್ಕೆ ತಾಗಿದ್ದೇ ತಡ, 'ಫಟ್' ಎಂದು ಬೆಳ್ಳನೆಯ ಕಿಡಿ! ಕೈ ತಾನಾಗಿ ಹಿಂದೆ ಬಂತು. ಮಗಳ ಕೈಯ ಟಾರ್ಚ್ ನೆಲಕ್ಕೆ ಬಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಹೊಗೆ ಇಲ್ಲ, ವಾಸನೆ ಮಾತ್ರ ಸ್ವಲ್ಪ.

ತಪ್ಪು ಆಗಲೇ ತಿಳಿಯಿತು. ಬ್ಯಾಟರಿಯನ್ನು ಹಿಂದೆಮುಂದೆ ತಿರುಗಿಸಿ ಇಟ್ಟು, ಗುರುತು ನೋಡಿ, ಕೇಬಲ್ಲನ್ನು ಸ್ವಲ್ಪ ಎಳೆದಾಡಿ ಸರಿಯಾಗಿ ಕೂಡಿಸಿದೆ. ಕೀಲಿ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಚಾಲೂ. ದೀಪ, ಹಾರ್ನು, ವೈಪರ್ ಎಲ್ಲಾ ಸರಿ. "ಏನೂ ಆಗಿಲ್ಲ ಬಿಡು" ಎಂದೆ ಮಗಳಿಗೆ. ರಿಮೋಟ್ ಒತ್ತಿದೆ. 'ಕುಂಯ್' ಇಲ್ಲ. ಬಾಗಿಲ ಲಾಕು ಬೀಳಲಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಚುಕ್ಕೆ ಆರಿಹೋಗಿತ್ತು.

ಮೊದಲು ರಿಮೋಟಿನ ಮೇಲೆ ಸಂಶಯ ಪಟ್ಟೆ. ನಮ್ಮ ರಿಮೋಟಿನಲ್ಲಿ ಬೆರಳಿನ ತುದಿಯಷ್ಟು ಗಿಡ್ಡನೆಯ ಸೆಲ್ಲು ಇದೆ, 12 ವೋಲ್ಟಿನದು. ಅಷ್ಟು ಸಣ್ಣದರಲ್ಲಿ 12 ವೋಲ್ಟ್ ಹೇಗೆ ಬಂತೆಂದು ಮಕ್ಕಳು ಕೇಳುವುದುಂಟು. ಅದರ ತಗಡು ಬಿಡಿಸಿದರೆ ಒಳಗೆ ಒಂದೂವರೆ ವೋಲ್ಟಿನ ಎಂಟು ಗುಂಡಿ ಸೆಲ್ಲುಗಳು ಒಂದರ ಮೇಲೊಂದು ಪೇರಿಸಿಟ್ಟಿರುತ್ತವೆ. ಹೊಸದು ತಂದು ಹಾಕಿದೆ. ರಿಮೋಟಿನ ದೀಪ ಮಿನುಗಿತು, ಕಾರು ಮಾತಾಡಲಿಲ್ಲ.

ಮರುದಿನ ನಾನು ಮಾಡಿದ್ದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ಕಾರು ತೆಗೆದುಕೊಂಡು, ಮಗಳನ್ನೂ ಕೂಡಿಸಿಕೊಂಡು ಅಂಗಡಿಗೆ ಹೋದೆ. ಶನಿವಾರ, ನಾಲ್ಕಾರು ಜನ ಗಿರಾಕಿಗಳಿದ್ದರು. ಅವರಲ್ಲಿ ಇಬ್ಬರು ನಮ್ಮ ಶಾಲೆಯ ಮಕ್ಕಳ ತಂದೆಯಂದಿರು. "ಏನ್ರಿ, ಎಂಥಾ ಬ್ಯಾಟರಿ ಕೊಟ್ಟೀರಿ? ಹಾಕಿದ ದಿನಾನೇ ಅಲಾರಂ ಬಂದ್ ಬಿದ್ದದ. ಅಂಗಡ್ಯಾಗ ಕುಂತ ಹಳೇ ಮಾಲು ಹಚ್ಚೀರೇನು?" ಎಂದೆ. ದನಿ ಸ್ವಲ್ಪ ಏರಿಯೇ ಇತ್ತು.

ಅಂಗಡಿಯವರು ಎದುರಾಡಲಿಲ್ಲ. ಮಗನಿಗೆ ಹೇಳಿ ಲೋಡ್ ಟೆಸ್ಟರ್ ತರಿಸಿದರು. ಬಾನೆಟ್ ಎತ್ತಿ, ಬಗ್ಗಿ, ಸ್ವಲ್ಪ ಹೊತ್ತು ಬ್ಯಾಟರಿಯನ್ನೇ ನೋಡಿದರು. ಮೀಟರು 12.6 ವೋಲ್ಟ್ ತೋರಿಸಿತು. ಭಾರ ಹಾಕಿದಾಗಲೂ ಮುಳ್ಳು ಹಸಿರು ಪಟ್ಟಿ ಬಿಟ್ಟು ಇಳಿಯಲಿಲ್ಲ.

"ಬ್ಯಾಟ್ರಿ ಬರೋಬರಿ ಅದರಿ ಸರ. ಕೂಡಿಸುವಾಗ ಏನಾರ ಆಗಿತ್ತೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಏನೂ ಆಗಿಲ್ಲ" ಎಂದೆ.

ಟೆಸ್ಟರಿನ ವೈರು ಸುತ್ತುತ್ತಿದ್ದ ಹುಡುಗ ತಲೆಯೆತ್ತಿ ಒಮ್ಮೆ ತಂದೆಯನ್ನು, ಒಮ್ಮೆ ನನ್ನನ್ನು ನೋಡಿದ. ಮಾಸ್ತರರ ಮಾತು ನಂಬಿದರೆ ತಂದೆ ಮೋಸಗಾರ, ತಂದೆಯ ಮೀಟರು ನಂಬಿದರೆ ಮಾಸ್ತರು... ಆ ಹುಡುಗ ಅಂಥ ಇಕ್ಕಟ್ಟಿನಲ್ಲಿ ನಿಂತಿದ್ದ ಎಂಬುದು ನನಗೆ ಹೊಳೆದದ್ದು ಆಮೇಲೆ.

ದಾರಿಯಲ್ಲಿ ಮಗಳು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಕೇಳಿದಳು: "ಅಪ್ಪಾ, ನಿನ್ನಿ ಕಿಡಿ ಹಾರಿದ್ದು ಅವರಿಗ್ಯಾಕ ಹೇಳಲಿಲ್ಲ ನೀ?"

"ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎಂದೆ.

"ಸಂಬಂಧ ಇಲ್ಲಂತ ಹ್ಯಾಂಗ ಗೊತ್ತಾತು?"

ಇದು ನಾನೇ ತರಗತಿಯಲ್ಲಿ ಕೇಳುವ ಪ್ರಶ್ನೆ. ಓಮ್ ನಿಯಮದ ಪ್ರಯೋಗದಲ್ಲಿ ಹುಡುಗರು ಪ್ರತಿವರ್ಷ ಒಂದು ಕಿತಾಪತಿ ಮಾಡುತ್ತಾರೆ. ಮೀಟರು ತೋರಿಸಿದ ಅಂಕಿ ಬಿಟ್ಟು, ರೇಖೆ ನೆಟ್ಟಗೆ ಬರುವಂತೆ ಗೈಡಿನ ಅಂಕಿ ಬರೆದುಕೊಂಡು ಬರುತ್ತಾರೆ. ನಾನು ಅಂಥ ಪುಟಕ್ಕೆ ಅಡ್ಡಗೆರೆ ಎಳೆದು, 'ಕಂಡದ್ದು ಬರೆ, ಬೇಕಾದದ್ದಲ್ಲ' ಎಂದು ಬೈದು ಕಳಿಸುತ್ತೇನೆ. ಮಗಳು ಹತ್ತನೆಯವರೆಗೆ ನನ್ನ ಶಾಲೆಯಲ್ಲೇ ಓದಿದವಳು, ಅಂಥ ಅಡ್ಡಗೆರೆ ಅವಳ ಪುಸ್ತಕದಲ್ಲೂ ಒಂದಿದೆ. ಆ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲೇ, ನನ್ನ ಮಲ್ಟಿಮೀಟರ್ ಹಿಡಿದು ಇಬ್ಬರೂ ಶೆಡ್ಡಿಗೆ ಹೋದೆವು. ಒಂದು ನೋಟ್‌ಬುಕ್ಕಿನಲ್ಲಿ ಮಗಳು ಮೊದಲ ಸಾಲು ಬರೆದಳು: 'ಶುಕ್ರವಾರ ಸಂಜೆ, ಉಲ್ಟಾ ಜೋಡಣೆ, ಕಿಡಿ.' ಅದನ್ನು ಬರೆದ ಮೇಲೆ ಹುಡುಕುವುದು ಸುಲಭವಾಯಿತು. ಅಲ್ಲಿಯವರೆಗೆ ನಾನು ಕಿಡಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಹುಡುಕುತ್ತಿದ್ದೆ.

ಹೊರಗಿನಿಂದ ಕೂಡಿಸಿದ ಅಲಾರಂಗಳಿಗೆ ಕರೆಂಟು ಬರುವ ದಾರಿ ಕಾರಿನ ಸ್ವಂತ ಫ್ಯೂಸ್ ಪೆಟ್ಟಿಗೆಯಿಂದಲೇ ಆಗಬೇಕೆಂದಿಲ್ಲ. ಕೂಡಿಸುವ ಮಿಸ್ತ್ರಿ ಅನೇಕ ಸಲ ಬ್ಯಾಟರಿಯ ಪಾಸಿಟಿವ್ ಕ್ಲ್ಯಾಂಪಿನ ಬೋಲ್ಟಿಗೇ ಒಂದು ತೆಳು ಕೆಂಪು ವೈರು ಸಿಕ್ಕಿಸಿ, ನಡುವೆ ಒಂದು ಫ್ಯೂಸ್ ಹಾಕಿ, ಒಳಗೆ ಒಯ್ದಿರುತ್ತಾನೆ. ಬ್ಯಾಟರಿ ಬದಲಿಸಿದ ಮೇಲೆ ಅಲಾರಂ ನಿಂತುಹೋಯಿತು ಎನ್ನುವವರು ಮೊಟ್ಟಮೊದಲು ನೋಡಬೇಕಾದದ್ದು ಈ ತೆಳು ವೈರು. ಎಷ್ಟೋ ಸಲ ದೊಡ್ಡ ಕೇಬಲ್ ಕೂಡಿಸಿ ಇದನ್ನು ಮರೆತಿರುತ್ತಾರೆ, ಅಥವಾ ಅದರ ಕಿವಿಗೆ ಬಿಳಿ-ಹಸಿರು ಕಿಲುಬು ಹಿಡಿದಿರುತ್ತದೆ. ಪಾಲಿಶ್ ಪೇಪರಿನಿಂದ ಉಜ್ಜಿದರೆ ಸರಿಹೋಗುತ್ತದೆ. ನಮ್ಮದು ಸ್ವಚ್ಛವಾಗಿಯೇ ಇತ್ತು, ಬಿಗಿಯಾಗಿಯೂ ಇತ್ತು.

ಮೀಟರಿನ ಕಪ್ಪು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಮೇಲೆ ನಾನು ಹಿಡಿದೆ, ಕೆಂಪು ಮುಳ್ಳು ಮಗಳ ಕೈಯಲ್ಲಿ. ಬ್ಯಾಟರಿಯ ಪಾಸಿಟಿವ್ ಮೇಲೆ 12.6. ತೆಳು ವೈರಿನ ಕಿವಿಯ ಮೇಲೆ 12.6. ವೈರು ನೀರಿನ ಡಬ್ಬಿಯ ಹಿಂದೆ ನುಸುಳಿ ಹೋಗಿತ್ತು. ಬೆರಳಿನಿಂದ ತಡವುತ್ತಾ ಹೋದಂತೆ ಕರೀ ಟೇಪು ಸುತ್ತಿದ ಗಂಟೊಂದು ಸಿಕ್ಕಿತು. ಟೇಪು ಬಿಸಿಲಿಗೆ ಕರಗಿ ಅಂಟಂಟಾಗಿತ್ತು. ಬಿಚ್ಚಿದರೆ ಒಳಗೆ ಫ್ಯೂಸಿನ ಮನೆ. ಅದರ ಬ್ಯಾಟರಿ ಕಡೆಯ ಬದಿಗೆ ಮುಟ್ಟಿಸಿದಳು: 12.6. ಆಚೆ ಬದಿಗೆ: ಸೊನ್ನೆ.

ನಾನು ತಕ್ಷಣ ಫ್ಯೂಸ್ ಕೀಳಲು ಹೋದೆ. "ತಡಿ ಅಪ್ಪಾ" ಎಂದು ಮಗಳು ಎರಡು ಮುಳ್ಳುಗಳನ್ನೂ ತಾನೇ ಹಿಡಿದು ಫ್ಯೂಸಿನ ಎರಡು ತುದಿಗೆ ಇಟ್ಟಳು. ಮೀಟರು 12.6 ತೋರಿಸಿತು. "ಸುಟ್ಟದ್ದರ ಮ್ಯಾಲ ಪೂರಾ ವೋಲ್ಟೇಜ್ ಹ್ಯಾಂಗ ಬಂತು?" ಎಂದಳು.

ಇದು ಒಳ್ಳೆಯ ಪ್ರಶ್ನೆ, ಹತ್ತನೆಯ ತರಗತಿಯ ಮಕ್ಕಳೂ ನಿಂತು ಯೋಚಿಸಬೇಕಾದದ್ದು. ಹಾಳಾದದ್ದರಲ್ಲಿ ಏನೂ ಇರಬಾರದು, ಮೀಟರು ಸೊನ್ನೆ ತೋರಿಸಬೇಕು ಎಂದು ನಮಗೆಲ್ಲ ಅನ್ನಿಸುತ್ತದೆ. ಆಗುವುದು ಅದರ ಉಲ್ಟಾ. ಒಳ್ಳೆಯ ಫ್ಯೂಸಿನ ರೋಧ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅದರ ಎರಡು ತುದಿಗಳ ನಡುವಿನ ವಿಭವಾಂತರ ಹೆಚ್ಚುಕಡಿಮೆ ಸೊನ್ನೆ. ಫ್ಯೂಸ್ ಕಡಿದಾಗ ಪ್ರವಾಹ ಸೊನ್ನೆಯಾಗುತ್ತದೆ. ಪ್ರವಾಹವೇ ಇಲ್ಲದ ಮೇಲೆ ಸರಣಿಯಲ್ಲಿರುವ ಉಳಿದ ರೋಧಗಳ ಮೇಲೆ ವಿಭವಾಂತರ ಎಲ್ಲಿಂದ ಬರಬೇಕು? ಅಲ್ಲೆಲ್ಲ ಸೊನ್ನೆ. ಬ್ಯಾಟರಿಯ 12.6 ಪೂರ್ತಿ ಆ ಕಡಿದ ಜಾಗದ ಎರಡು ದಡಗಳ ನಡುವೆ ಬಂದು ನಿಲ್ಲುತ್ತದೆ. ಕಾಲುವೆಗೆ ಅಡ್ಡ ಬಾಗಿಲು ಹಾಕಿದರೆ ನೀರೆಲ್ಲ ಅದರ ಬೆನ್ನಿಗೆ ಬಂದು ನಿಲ್ಲುತ್ತದಲ್ಲ, ಸೊನ್ನ ಬ್ಯಾರೇಜಿನ ಬಾಗಿಲು ಮುಚ್ಚಿದಾಗ ಭೀಮೆ ನಿಂತ ಹಾಗೆ. ಅದಕ್ಕೇ ಆಟೋ ಎಲೆಕ್ಟ್ರಿಷಿಯನ್ನರು ಫ್ಯೂಸನ್ನು ಕೀಳದೆಯೇ ಅದರ ಎರಡು ತುದಿ ಮುಟ್ಟಿ ನೋಡಿ ಸುಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಮೂವತ್ತು ವರ್ಷ ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದ್ದೆ. ಮೀಟರಿನಲ್ಲಿ ಕಣ್ಣಾರೆ ನೋಡಿದ್ದು ಅವತ್ತೇ.

ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದೆವು. ಕೆಂಪು ಪ್ಲಾಸ್ಟಿಕ್ಕಿನದು. ಈ ಬಿಲ್ಲೆ ಫ್ಯೂಸುಗಳಲ್ಲಿ ಬಣ್ಣವೇ ಅಳತೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಒಳಗಿನ ತಂತಿ ನಡುವೆ ಇಲ್ಲವೇ ಇಲ್ಲ. ಪ್ಲಾಸ್ಟಿಕ್ಕಿನ ಒಳಮೈ ಕಪ್ಪಾಗಿತ್ತು. ಮೆಲ್ಲಗೆ ಭಾರ ಹೆಚ್ಚಾಗಿ ಕರಗಿದ ಫ್ಯೂಸು ಸಾಮಾನ್ಯವಾಗಿ ಹೀಗಿರುವುದಿಲ್ಲ, ತಂತಿ ಒಂದು ಕಡೆ ಕಡಿದಿರುತ್ತದೆ ಅಷ್ಟೆ. ಹೀಗೆ ಕಪ್ಪಾಗುವುದು ಒಮ್ಮೆಲೇ ಭಾರೀ ಪ್ರವಾಹ ನುಗ್ಗಿ ತಂತಿ ಸಿಡಿದಾಗ.

ಆ ಪ್ರವಾಹ ಬಂದದ್ದು ಹೇಗೆ ಎಂಬುದನ್ನೂ ಹೇಳಬೇಕು. ಇಂಥ ಪೆಟ್ಟಿಗೆಗಳ ಬಾಗಿಲಲ್ಲಿ ಒಂದು ಡಯೋಡನ್ನು ಅಡ್ಡಲಾಗಿ ಕೂಡಿಸಿರುವುದುಂಟು. ಡಯೋಡ್ ಎಂದರೆ ಒಂದೇ ದಿಕ್ಕಿಗೆ ತೆರೆಯುವ ಬಾಗಿಲು. ಜೋಡಣೆ ಸರಿಯಿದ್ದಾಗ ಅದು ಮುಚ್ಚಿಕೊಂಡು ಸುಮ್ಮನಿರುತ್ತದೆ. ಉಲ್ಟಾ ಕೊಟ್ಟರೆ ಆ ಬಾಗಿಲು ಪೂರ್ತಿ ತೆರೆದು, ಪ್ರವಾಹವೆಲ್ಲ ಒಳಗಿನ ನಾಜೂಕು ಚಿಪ್ಪಿಗೆ ಹೋಗದೆ ಡಯೋಡಿನ ಮೂಲಕವೇ ಹರಿದು, ಫ್ಯೂಸನ್ನು ಸುಟ್ಟು ದಾರಿ ಬಂದ್ ಮಾಡುತ್ತದೆ. ಕಾರಿನ ಆಲ್ಟರ್ನೇಟರಿನಲ್ಲೂ ಡಯೋಡುಗಳಿವೆ, ಉಲ್ಟಾ ಜೋಡಣೆಯಲ್ಲಿ ಅವೂ ಸುಡಬಹುದು, ದೊಡ್ಡ ಫ್ಯೂಸೂ ಹಾರಬಹುದು. ನನ್ನ ಕೈ ಬೇಗ ಹಿಂದೆ ಬಂದದ್ದಕ್ಕೆ ಸಣ್ಣದೊಂದು ಫ್ಯೂಸಿನಲ್ಲಿ ಮುಗಿಯಿತು. ಇನ್ನೊಂದು ಅಪಾಯವೂ ಇತ್ತು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಮಾಡಿದ ಸೀಸ-ಆಮ್ಲದ ಬ್ಯಾಟರಿಯ ವಂಶದ್ದೇ ಇಂದಿನ ಕಾರಿನ ಬ್ಯಾಟರಿಯೂ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ಅಂಥ ಹೊತ್ತಿನಲ್ಲಿ ಅದರ ಉಸಿರುಗಂಡಿಯ ಹತ್ತಿರ ಕಿಡಿ ಹಾರಿದ್ದರೆ ಮುಖಕ್ಕೆ ಆಮ್ಲ ಸಿಡಿಯಬಹುದಿತ್ತು, ಪಕ್ಕದಲ್ಲಿ ಮಗಳು ಬಗ್ಗಿ ನಿಂತಿದ್ದಳು. ಮಕ್ಕಳು ಇದನ್ನು ಓದಿ ಒಬ್ಬರೇ ಬಾನೆಟ್ ಎತ್ತಬಾರದು. ಎತ್ತಿದರೂ ಕೈಯ ಗಡಿಯಾರ, ಉಂಗುರ ತೆಗೆದಿಟ್ಟು ದೊಡ್ಡವರ ಜೊತೆಗೇ ಎತ್ತಬೇಕು. ದೊಡ್ಡವರು ಮಾತು ಕಡಿಮೆ ಮಾಡಬೇಕು.

ಬೇಲಿಯಾಚೆಯಿಂದ ನೋಡುತ್ತಿದ್ದ ನೆರೆಯವರು, ಸಿಗರೇಟಿನ ಪಾಕೀಟಿನ ಬೆಳ್ಳಿಹಾಳೆ ಸುತ್ತಿ ಕೂಡಿಸಿದರೆ ಕೆಲಸ ಆಗುತ್ತದೆ ಎಂದು ಸಲಹೆ ಕೊಟ್ಟರು. ಆಗುತ್ತದೆ, ನಿಜ. ಮುಂದಿನ ಸಲ ಸುಡುವುದು ಫ್ಯೂಸಲ್ಲ, ವೈರು. ಮುಖ್ಯ ರಸ್ತೆಯಿಂದ 10 ಆಂಪಿಯರಿನ ಹೊಸ ಫ್ಯೂಸ್ ತಂದು ಸಿಕ್ಕಿಸಿದೆ.

ಸಿಕ್ಕಿಸಿದ್ದೇ ತಡ ಕಾರು ಅರಚತೊಡಗಿತು! ಎರಡು ದಿನದ ಮೌನವನ್ನೆಲ್ಲ ಬಡ್ಡಿ ಸಮೇತ ತೀರಿಸುವಂತೆ. ಇಂಥ ಎಷ್ಟೋ ಅಲಾರಂಗಳು ಕರೆಂಟು ಹೋದರೂ ತಾವು ಕಾವಲಿನಲ್ಲಿದ್ದೆವೆಂಬುದನ್ನು ಮರೆಯುವುದಿಲ್ಲ. ಕಳ್ಳನೇ ಬ್ಯಾಟರಿ ಕಿತ್ತು ಮತ್ತೆ ಕೂಡಿಸಿದರೆ ಸುಮ್ಮನಿರಬಾರದಲ್ಲ, ಅದಕ್ಕೇ ಎಚ್ಚರವಾದ ಕೂಡಲೇ ಕೂಗುತ್ತವೆ. ನನಗೆ ಆ ಗಡಬಡಿಯಲ್ಲಿ ರಿಮೋಟ್ ಎಲ್ಲಿಟ್ಟೆನೆಂದೇ ತಿಳಿಯದು. "ಅಲ್ರೀ, ಮೊದಲ ಅದನ್ನ ಬಂದ್ ಮಾಡ್ರಿ!" ಎಂದು ಮನೆಯವಳು ಒಳಗಿನಿಂದ, "ಏನ್ರಿ ಮಾಸ್ತರ, ಹಾಡಹಗಲಿ ಕಳ್ಳ ಬಂದಾನೇನ್ರಿ?" ಎಂದು ಓಣಿಯವರು ಹೊರಗಿನಿಂದ. ಮಗಳು ನೋಟ್‌ಬುಕ್ಕಿನ ಕೆಳಗಿದ್ದ ರಿಮೋಟ್ ಎತ್ತಿ ಒತ್ತಿದಳು. 'ಕುಂಯ್.'

ಆ ಸಂಜೆ ಸುಟ್ಟ ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಮಗಳು ತಾನೂ ಬರುತ್ತೇನೆಂದಳು. ಹುಡುಗ ಒಳಗೆ ಬ್ಯಾಟರಿಗಳ ಧೂಳು ಒರೆಸುತ್ತಿದ್ದ. ಅವನೂ ಹೊರಗೆ ಬರುವವರೆಗೆ ಕಾಯ್ದೆ. ಶನಿವಾರ ಕೇಳಿಸಿಕೊಂಡ ಗಿರಾಕಿಗಳು ಇರಲಿಲ್ಲ. ಅವರನ್ನು ಎಲ್ಲಿ ಹುಡುಕಿಕೊಂಡು ಹೋಗಲಿ? ಫ್ಯೂಸನ್ನು ಮೇಜಿನ ಮೇಲಿಟ್ಟು, "ನಿಮ್ಮ ಬ್ಯಾಟರಿದು ತಪ್ಪಲ್ರಿ. ನಾ ಉಲ್ಟಾ ಹಚ್ಚಿದ್ದೆ. ನೀವು ಕೇಳಿದಾಗ ಸುಳ್ಳು ಹೇಳಿದೆ" ಎಂದೆ.

ಅಂಗಡಿಯವರು ಫ್ಯೂಸನ್ನು ಎತ್ತಿಯೂ ನೋಡಲಿಲ್ಲ. "ನನಗ ನಿನ್ನೇನೇ ಗೊತ್ತಾಗಿತ್ರಿ ಸರ. ನೆಗೆಟಿವ್ ಕಂಬದ ಮ್ಯಾಲ ಕಿಡಿ ತಿಂದ ಗುಳಿ ಬಿದ್ದದ ನೋಡ್ರಿ. ಹೊಸ ಬ್ಯಾಟ್ರಿಗೆ ಅದು ಸುಮ್ನ ಬರಂಗಿಲ್ಲ" ಎಂದರು.

"ಮತ್ತ ಹೇಳಬೇಕಿಲ್ಲೇನ್ರಿ ಅವಾಗೇ?"

"ನಾಕ್ ಮಂದಿ ಮುಂದ ಮಾಸ್ತರಿಗೆ ಹ್ಯಾಂಗ ಹೇಳಬೇಕ್ರಿ. ನಮ್ಮ ಹುಡುಗನೂ ಅಲ್ಲೇ ಇದ್ದ."

ನನಗೆ ಉತ್ತರ ತೋಚಲಿಲ್ಲ. ಅವರ ಮಗನ ಕಣ್ಣಲ್ಲಿ ನಾನು ಸಣ್ಣವನಾಗಬಾರದೆಂದು ಅವರು ತಾವೇ ಮೋಸಗಾರರೆನಿಸಿಕೊಂಡು ಒಂದು ರಾತ್ರಿ ಕಳೆದಿದ್ದರು. ಗುಳಿ ಬಿದ್ದ ಬ್ಯಾಟರಿಯನ್ನು ಬದಲಿಸಿ ಕೊಡಲು ಬರುವುದಿಲ್ಲ, ಹೊಸದೆಂದು ಇನ್ನೊಬ್ಬರಿಗೆ ಮಾರಲಾಗುವುದಿಲ್ಲ ಎಂದರು. ಅದು ನ್ಯಾಯವೇ. ಅದರ ಬದಲು, ತಿರುಗಿಸಿಟ್ಟದ್ದರಿಂದ ಬಿಗಿದುಕೊಂಡಿದ್ದ ನೆಗೆಟಿವ್ ಕೇಬಲ್ ತೆಗೆದು ಗೇಣುದ್ದ ಹೆಚ್ಚಿನದೊಂದನ್ನು ಹಾಕಿಕೊಡುತ್ತೇನೆಂದರು. ದುಡ್ಡು ಮಾತ್ರ ನಾನು ಹಟ ಮಾಡಿ ಕೊಟ್ಟೆ.

ಪಾನಾವನ್ನು ಅವರು ಮಗನ ಕೈಗೆ ಕೊಟ್ಟರು. ಹುಡುಗ ಬಾನೆಟ್ಟಿನ ಮೇಲೆ ಬಗ್ಗಿ, ಒಂದು ಕ್ಷಣ ನಿಂತು, ನನ್ನ ಕಡೆ ನೋಡಿದ. "ಸರ, ಮೊದಲ ನೆಗೆಟಿವ್ ಬಿಚ್ಚೋದಲ್ರಿ?"

"ಹೌದು" ಎಂದೆ. ಕೂಡಿಸುವಾಗ ಅವನು ನನ್ನನ್ನೇನೂ ಕೇಳಲಿಲ್ಲ. ಎರಡೂ ಕಂಬಗಳ ಗುರುತನ್ನು ಬಟ್ಟೆಯಿಂದ ಒರೆಸಿ, ಓದಿ, ಆಮೇಲೆ ಕ್ಲ್ಯಾಂಪು ಇಳಿಸಿದ. ಕ್ಲ್ಯಾಂಪು ಬಲವಂತವಿಲ್ಲದೆ ಕೂತಿತು. ಕಾರು ಮತ್ತೊಮ್ಮೆ ಅರಚಿತು. ಈ ಸಲ ರಿಮೋಟ್ ಮಗಳ ಕೈಯಲ್ಲೇ ಇತ್ತು.

ಮುಂದಿನ ಹುಣ್ಣಿಮೆಗೆ ಅವ್ವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿಬಂದೆವು. ಮನೆಯವಳ ಹತ್ತಿರವಿದ್ದ ಎರಡನೆಯ ರಿಮೋಟು ಮಾತ್ರ ಕೆಲವು ದಿನ ಸರಿಯಾಗಲಿಲ್ಲ. ಆಳಂದದ ಮದುವೆಯಲ್ಲಿ ತಂಗಿಯ ಮೊಮ್ಮಗ ಅದನ್ನು ಆಟದ ಸಾಮಾನು ಮಾಡಿಕೊಂಡು ಮೂರು ದಿನ ಒತ್ತಿದ್ದನಂತೆ. ಈಗಿನ ಅನೇಕ ರಿಮೋಟುಗಳು ಪ್ರತಿ ಒತ್ತಿಗೂ ಹೊಸ ಸಂಕೇತ ಕಳಿಸುತ್ತವೆ, ಕಾರಿನೊಳಗಿನ ಪೆಟ್ಟಿಗೆಯೂ ಅದರ ಜೊತೆ ಎಣಿಸುತ್ತಾ ಬರುತ್ತದೆ. ಕಾರು ಜೇವರ್ಗಿಯಲ್ಲಿ, ಒತ್ತುವುದು ಆಳಂದದಲ್ಲಿ ಎಂದಾದರೆ ಎಣಿಕೆ ತಪ್ಪುತ್ತದೆ. ಇಂಥ ಕೆಲವು ರಿಮೋಟುಗಳು ಕಾರಿನ ಹತ್ತಿರ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಮತ್ತೆ ಕೂಡಿಕೊಳ್ಳುತ್ತವೆ. ನಾನು ಇದನ್ನು ಸವಿಸ್ತಾರವಾಗಿ ವಿವರಿಸುತ್ತಿರುವಾಗಲೇ ಮನೆಯವಳು ಬೇಸತ್ತು ಎರಡು ಸಲ ಒತ್ತಿದಳು, ಕಾರು 'ಕುಂಯ್' ಎಂದಿತು.